ಉಪ್ಪುಕಾಗದಕ್ಕೆ ಸವೆದುಹೋದ 1801: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇರುವ ಒಂದು ಚಕಮಕಿ ಪಿಸ್ತೂಲನ್ನು (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೆಯ ಕಾಲದ್ದು) 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ (ಸಿ) ಖಂಡದಡಿ ಪರಿಶೀಲಿಸಿ ಲಿಖಿತ ಆದೇಶ ಕೊಡಿ ಎಂದು ನಾನು ತಮ್ಮ ಕಚೇರಿಗೆ ಮೊದಲ ಅರ್ಜಿ ಕೊಟ್ಟು ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ತಮ್ಮ ಕುರ್ಚಿಯಲ್ಲಿ ಆರು ಮಂದಿ ಕುಳಿತು ಎದ್ದಿದ್ದಾರೆ. ನನ್ನ ಅರ್ಜಿ ಮಾತ್ರ ಕುಳಿತಲ್ಲಿಂದ ಎದ್ದಿಲ್ಲ. ಹಳೆಯ ಮಾದರಿಯದೋ, ಪುರಾತನ ಮೌಲ್ಯದ್ದೋ, ಕೆಟ್ಟುಹೋದದ್ದೋ ಆಗಿ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಆಯುಧಕ್ಕೆ ಈ ಕಾಯ್ದೆ ಅನ್ವಯಿಸದು ಎಂದು ಆ ಖಂಡ ಹೇಳುತ್ತದೆಂಬುದು ಪರವಾನಗಿ ನೀಡುವ ಪ್ರಾಧಿಕಾರವೇ ಆಗಿರುವ ತಮಗೆ ತಿಳಿಯದ್ದೇನಲ್ಲ. ಆದ್ದರಿಂದ ಕಾನೂನಿನ ಪಾಠ ಒಪ್ಪಿಸದೆ, ನನಗೇನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ಪಿಸ್ತೂಲು ಈಸ್ಟ್ ಇಂಡಿಯಾ ಕಂಪನಿಯ ಕುದುರೆಪಡೆಯದು. ಆಕ್ರೋಟ್ ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆಯ ಟೋಪಿ, ಸವಾರನ ಕೈಜಾರಿ ಬೀಳದಂತೆ ನಳಿಗೆಗೇ ಕೀಲು ಹಾಕಿ ಬಂಧಿಸಿದ ಗಜ, ಅಂದರೆ ಮದ್ದುಗುಂಡನ್ನು ನಳಿಗೆಯೊಳಕ್ಕೆ ದೂಡುವ ಸಲಾಕೆ. ನೆಂಟರೂ ನೆರೆಯವರೂ ಇದನ್ನು ‘ಟಿಪ್ಪುವಿನ ಪಿಸ್ತೂಲು’ ಎಂದೇ ಕರೆಯುತ್ತಿದ್ದರು. ನಮ್ಮ ತಂದೆಯವರಿಗೆ ಆ ಮಾತು ಹಿಡಿಸುತ್ತಿರಲಿಲ್ಲ. ಟಿಪ್ಪುವಿನ ಕಾರ್ಖಾನೆಗಳ ಕೋವಿಗಳಲ್ಲಿ ಹುಲಿಪಟ್ಟೆಯ ಗುರುತೂ ಅವನದೇ ಪಂಚಾಂಗದ ವರ್ಷವೂ ಇರುತ್ತವೆ. ಇದರ ಲಾಕ್ ಪ್ಲೇಟಿನ (ಕಿಡಿ ಹೊತ್ತಿಸುವ ಭಾಗಗಳನ್ನು ಕೂರಿಸಿದ ಪಕ್ಕದ ಲೋಹದ ಪಟ್ಟಿಯ) ಮೇಲಾದರೋ ನಾಲ್ಕು ಭಾಗ ಮಾಡಿದ ಹೃದಯದ ಆಕೃತಿ, ಆ ಭಾಗಗಳಲ್ಲಿ ಕಂಪನಿಯ ನಾಲ್ಕು ಅಕ್ಷರಗಳು, ನೆತ್ತಿಯ ಮೇಲೆ ನಾಲ್ಕರ ಅಂಕಿಯಂಥ ಚಿಹ್ನೆ, ಹಿಂದುಗಡೆ 1801 ಎಂಬ ಇಸವಿ ಇದ್ದವು. 1808ರ ಸುಮಾರಿಗೆ ಕಂಪನಿ ಹೃದಯವನ್ನು ಬಿಟ್ಟು, ಹಿಂಗಾಲ ಮೇಲೆ ನಿಂತ ಸಿಂಹವನ್ನು ಹಿಡಿಯಿತು. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಅಲ್ಲಿಗೆ ಟಿಪ್ಪುವಿನ ಕಥೆ ಮುಗಿಯಿತು, ನಿಜವಾದ ಕಥೆ ಉಳಿಯಿತು. ವಾಯವ್ಯ ಗಡಿಯ ಖೈಬರ್ ಕಣಿವೆಯ ಕಡೆಯ ಕಸುಬುದಾರರು ಕಂಪನಿಯ ಗುರುತುಗಳನ್ನು ನಕಲು ಮಾಡುವಾಗ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿಬಿಡುತ್ತಿದ್ದರೆಂಬುದನ್ನು ನೆನೆದು, ತಂದೆಯವರು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರವನ್ನು ನೋಡಿ, ಇದು ಅಸಲು ಎಂದು ನೆಮ್ಮದಿಪಟ್ಟಿದ್ದರು. ಇಂಥ ವಸ್ತುವಿನ ಬೆಲೆ, ಅದರ ಗುರುತೂ ಮಾಸಲು ಬಣ್ಣವೂ ಎಷ್ಟು ಉಳಿದಿವೆ ಎಂಬುದರಲ್ಲಿದೆಯೇ ಹೊರತು ಅದು ಎಷ್ಟು ಫಳಫಳಿಸುತ್ತದೆ ಎಂಬುದರಲ್ಲಿಲ್ಲ.

ಅಜ್ಜನ ಕಾಲದಲ್ಲಿ ಯಾರೋ ಇದನ್ನು ಪರವಾನಗಿಯ ಪುಸ್ತಕದಲ್ಲಿ ನಮೂದಿಸಿದ್ದರಿಂದ ನಾವು ಪರವಾನಗಿದಾರರಾದೆವು, ಪರವಾನಗಿದಾರರಾದ್ದರಿಂದ ಪ್ರತಿ ಚುನಾವಣೆಗೂ ಪಿಸ್ತೂಲನ್ನು ಠಾಣೆಗೆ ಒಪ್ಪಿಸುವವರಾದೆವು. ಯಾರ ಆಯುಧವನ್ನು ಒಪ್ಪಿಸಿಕೊಳ್ಳಬೇಕೆಂದು ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕೆಂಬ ಕ್ರಮ ತಮಗೆ ಗೊತ್ತಿದೆ. ನಳಿಗೆಯ ಬುಡದಲ್ಲಿ ಬೆರಳುದ್ದ ಸೀಳು ಬಿಟ್ಟಿರುವ, ‘ಕುದುರೆ’ಯ, ಅಂದರೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕೊಕ್ಕೆಯ, ತುಟಿ ಮುರಿದು ಕಲ್ಲೇ ನಿಲ್ಲದ ಈ ಪಿಸ್ತೂಲಿನಿಂದ ಮತದಾರರಿಗೆ ಯಾವ ಭೀತಿಯಿದೆಯೆಂದು ಯಾವ ಸಮಿತಿ ನೋಡಿತೋ ನಾನರಿಯೆ. ಮದ್ದು ತುಂಬಿ ಹಾರಿಸಿದರೆ ಹೋಗುವುದು ಹಾರಿಸಿದವನ ಕೈಯೇ. ಆದರೂ ತಂದೆಯವರು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಮಂಡಿನೋವಿನಲ್ಲೂ, ಅದನ್ನು ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಠಾಣೆಗೆ ಹೋದರು. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಇಡಬೇಡಿ, ತೇವ ಹಿಡಿಯುತ್ತದೆ ಎಂದು ಕೈಮುಗಿದು ಹೇಳಿ ಬಂದರು. ನಕ್ಕರಂತೆ.

ಮೂರು ತಿಂಗಳ ನಂತರ ಪಿಸ್ತೂಲು ಹಿಂದಕ್ಕೆ ಬಂದಾಗ ನಾನೂ ಜೊತೆಗಿದ್ದೆ. ನಮೂನೆಯಲ್ಲಿ ‘ಕ್ರಮಸಂಖ್ಯೆ’ ಎಂಬ ಅಂಕಣವಿದ್ದುದರಿಂದ, ಆ ಸಂಖ್ಯೆ ತುಕ್ಕಿನ ಅಡಿಯಲ್ಲಿ ಅಡಗಿರಬೇಕೆಂದು ಭಾವಿಸಿದ ಯಾರೋ ಪುಣ್ಯಾತ್ಮರು ಲಾಕ್ ಪ್ಲೇಟನ್ನು ಉಪ್ಪುಕಾಗದದಿಂದ ಉಜ್ಜಿ, ಇನ್ನೂರು ವರ್ಷ ಕೂತ ಕಂದುಬಣ್ಣವನ್ನು ತೆಗೆದು ಬೆಳ್ಳಗೆ ಮಾಡಿದ್ದರು. ಆ ಕಾಲದ ಸಿಪಾಯಿ ಪಿಸ್ತೂಲುಗಳಿಗೆ ಕ್ರಮಸಂಖ್ಯೆಯೇ ಇರುತ್ತಿರಲಿಲ್ಲ. ಹುಡುಕಿದ್ದು ಸಿಗಲಿಲ್ಲ, ಇದ್ದದ್ದು ಹೋಯಿತು: ಹೃದಯದ ಒಂದು ಮಗ್ಗುಲು ಮಾಯ, 1801ರಲ್ಲಿ ಉಳಿದದ್ದು 18 ಮಾತ್ರ. ಅದರ ಮೇಲೆ ಕೆಂಪು ಬಣ್ಣದಲ್ಲಿ ನಮ್ಮ ಪರವಾನಗಿಯ ಸಂಖ್ಯೆ. ಗಜ ಇರಲಿಲ್ಲ. ಅದು ಮೊದಲೇ ಇರಲಿಲ್ಲವೆಂದು ಬರೆದುಕೊಡಲು ತಂದೆಯವರಿಗೆ ಹೇಳಲಾಯಿತು. ಅವರು ಬರೆದುಕೊಡಲಿಲ್ಲ, ಅದಕ್ಕಾಗಿ ಇನ್ನೂ ಎರಡು ಸಲ ಅಲೆದರು.

ಬಂದೂಕಿನ ಮೇಲಿನ ಹೆಸರನ್ನಾಗಲಿ, ಸಂಖ್ಯೆಯನ್ನಾಗಲಿ, ಬೇರಾವುದೇ ಗುರುತನ್ನಾಗಲಿ ಅಳಿಸುವುದನ್ನು ಇದೇ ಕಾಯ್ದೆಯ 8ನೇ ಕಲಮು ನಿಷೇಧಿಸುತ್ತದೆ. ಇದನ್ನೇ ನಾನು ಮನೆಯಲ್ಲಿ ಮಾಡಿದ್ದರೆ ಇಷ್ಟರಲ್ಲಿ ನ್ಯಾಯಾಲಯದ ಮೆಟ್ಟಿಲು ಎಣಿಸುತ್ತಿದ್ದೆ. ಠಾಣೆಯಲ್ಲಿ ನಡೆದರೆ ಅದಕ್ಕೆ ‘ಸ್ವಚ್ಛಗೊಳಿಸುವಿಕೆ’ ಎಂದು ಹೆಸರು; ಸ್ವೀಕೃತಿ ಪತ್ರದಲ್ಲಿ ಹಾಗೆಯೇ ಬರೆದಿದ್ದಾರೆ, ನನ್ನ ಬಳಿ ಪ್ರತಿಯಿದೆ. ಮೌಲ್ಯದ ಅಂಕಣದಲ್ಲಿ ‘ಹಳೆ ಕಬ್ಬಿಣ’ ಎಂದಿದೆ.

ತಂದೆಯವರು ಈಗಿಲ್ಲ. ಕೊನೆಯ ದಿನಗಳಲ್ಲೂ ಅವರು ಕೇಳುತ್ತಿದ್ದುದು ಗಜ ಸಿಕ್ಕಿತೇ ಎಂದು. ಉತ್ತರಾಧಿಕಾರಿಯಾಗಿ ನಾನು ಮತ್ತೆ ಅರ್ಜಿ ಹಾಕಿದೆ, ಹಳೆಯ ಛಾಯಾಚಿತ್ರಗಳನ್ನು ಲಗತ್ತಿಸಿದೆ. ಕಳೆದ ತಿಂಗಳು ತಮ್ಮ ಕಚೇರಿಯಿಂದ ಬಂದ ಉತ್ತರ ಎರಡೇ ಸಾಲಿನದು: ನಳಿಗೆಗೆ ರಂಧ್ರ ಕೊರೆಸಿ, ಬಾಯಿಗೆ ವೆಲ್ಡಿಂಗ್ ಮಾಡಿಸಿ ತಂದರೆ ವಿನಾಯಿತಿಯನ್ನು ಪರಿಗಣಿಸಲಾಗುವುದು. ಸ್ವಾಮಿ, ಅದಾಗಲೇ ಸೀಳಿಹೋಗಿದೆ. ಸತ್ತವನಿಗೆ ಮರಣಪತ್ರ ಬೇಕಾದರೆ ಇನ್ನೊಮ್ಮೆ ಕೊಂದು ತನ್ನಿ ಎಂದಂತಾಯಿತು. ಬಳಸಲಾಗದ್ದು ಎಂದು ನೋಡಿ ಹೇಳುವುದು ತಮ್ಮ ಕೆಲಸ. ಬಳಸಲಾಗದಂತೆ ಹಾಳು ಮಾಡಿ ತರುವುದು ನನ್ನ ಕೆಲಸವೆಂದು 45ನೇ ಕಲಮಿನಲ್ಲಿ ಎಲ್ಲಿಯೂ ಬರೆದಿಲ್ಲ.

ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತುವೆಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ, ನಾನದನ್ನು ದೇಶದಾಚೆ ಕಳಿಸದಂತೆ ತಡೆಯುತ್ತದೆ. ಸಂತೋಷ, ಕಳಿಸುವ ಆಸೆ ನನಗಿಲ್ಲ, ಮಾರುವ ಆಸೆಯೂ ಇಲ್ಲ. ಸರ್ಕಾರದ ಒಂದು ಕೈ ಇದನ್ನು ಕಾಪಾಡು ಎನ್ನುವಾಗ ಇನ್ನೊಂದು ಕೈ ವೆಲ್ಡಿಂಗ್ ಅಂಗಡಿಯ ದಾರಿ ತೋರಿಸುತ್ತಿದೆ.

ಆದ್ದರಿಂದ ಮತ್ತೆ ಕೇಳುತ್ತೇನೆ: ಪಿಸ್ತೂಲನ್ನು ನನ್ನ ಸಮಕ್ಷಮದಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯದ ಬಂದೂಕುತಜ್ಞರೊಬ್ಬರಿಂದಲೂ ಪುರಾತತ್ತ್ವ ಇಲಾಖೆಯವರೊಬ್ಬರಿಂದಲೂ ಪರೀಕ್ಷೆ ಮಾಡಿಸಿ. ಕೊರೆಯದೆ, ಉಜ್ಜದೆ, ಬಣ್ಣ ಬಳಿಯದೆ ಪರೀಕ್ಷಿಸಿ, 45(ಸಿ) ಅಡಿ ಲಿಖಿತ ಆದೇಶ ಕೊಡಿ. ತಿರಸ್ಕರಿಸುವುದಾದರೂ ಕಾರಣ ಬರೆದು ತಿರಸ್ಕರಿಸಿ; ಮೇಲ್ಮನವಿ ಹಾಕಲಾದರೂ ನನಗೊಂದು ಕಾಗದ ಬೇಕು. ಆದೇಶವಾಗುವವರೆಗೆ ಚುನಾವಣೆಯ ಹೆಸರಿನಲ್ಲಿ ಅದನ್ನು ಠಾಣೆಗೆ ಕರೆಯಬೇಡಿ.

ಉಜ್ಜಿಸಿಕೊಂಡ ಜಾಗದಲ್ಲಿ ಈ ಮಳೆಗಾಲ ಹೊಸ ತುಕ್ಕು ಕೆಂಪಗೆ ಎದ್ದಿದೆ. ಮೇಣದ ತೆಳುಲೇಪ ಕೊಟ್ಟು ತಡೆದಿದ್ದೇನೆ. ಆ ಕೆಂಪು ಬಣ್ಣದ ಸಂಖ್ಯೆಯನ್ನು ತೆಗೆಯಬಹುದೇ, ಅಥವಾ ಅದನ್ನು ತೆಗೆದರೆ 8ನೇ ಕಲಮು ನನಗೆ ಅನ್ವಯವಾಗುತ್ತದೆಯೇ ಎಂಬುದನ್ನೂ ಅದೇ ಆದೇಶದಲ್ಲಿ ತಿಳಿಸಿ.

ಇಂತು ತಮ್ಮ ವಿಶ್ವಾಸಿ,
ಹನ್ನೊಂದು ವರ್ಷದ ಅರ್ಜಿದಾರ