ಬರೆದು ಕೊಡ್ರಿ ಅಂತ ಕೇಳು

ಧಾರವಾಡ

ಪ್ರೀತಿಯ ದೋಸ್ತ,

ನಿನ್ನ ಪತ್ರ ಓದಿದೆ. ಸಿಟ್ಟು ಬಂತು, ನಿನ್ನ ಮೇಲಲ್ಲ. ಹಾವೇರಿ ಕಡೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು, ಲೈಬ್ರರಿಯ ಹೊಣೆಯನ್ನೂ ಹೊತ್ತವನು ನೀನು. ನಾಲ್ಕು ಜನ ಬಂದು ಒಂದು ಕಾದಂಬರಿ ಹೆಸರು ಹೇಳಿ ಗದ್ದಲ ಮಾಡಿದರು. ಮೇಲಿನವರು ಒಳಗೆ ಕೂತಲ್ಲಿಂದಲೇ "ಇಲ್ಲದ ಉಸಾಬರಿ ಯಾಕ್ರೀ, ತೆಗದು ಇಡ್ರಿ" ಅಂದರು. ನೀನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆ ಹೊತ್ತಿಗೆ ಒಬ್ಬನೇ ಇನ್ನೇನು ಮಾಡಲಿಕ್ಕಾಗುತ್ತಿತ್ತು?

ಆದರೆ "ಇದೇನು ಬ್ಯಾನ್ ಅಲ್ಲ ಬಿಡು, ಸುಮ್ನೆ ಸ್ವಲ್ಪ ದಿನ" ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ತಕರಾರು. ಇದು ಬ್ಯಾನ್‌ಗಿಂತ ಕೆಟ್ಟದ್ದು.

ಬ್ಯಾನ್ ಮಾಡಲು ಒಂದು ಕಾಗದವಾದರೂ ಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 95ನೇ ಸೆಕ್ಷನ್ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 98. ರಾಜ್ಯ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಬೇಕಾದರೆ ಅಧಿಸೂಚನೆ ಹೊರಡಿಸಬೇಕು, ಕಾರಣ ಬರೆಯಬೇಕು. ಅದರ ವಿರುದ್ಧ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಮೂವರು ನ್ಯಾಯಮೂರ್ತಿಗಳು ಕೂತು ಕೇಳಬೇಕು. ಬರೆದವರೇ ಹೋಗಬೇಕು ಅಂತಿಲ್ಲ. ಶಿವಾಜಿ ಬಗ್ಗೆ ಜೇಮ್ಸ್ ಲೇನ್ ಬರೆದ ಪುಸ್ತಕದ ಗಲಾಟೆ ನೆನಪಿದೆಯಲ್ಲ? ಲೇಖಕರಿಗೆ ನೆರವಾಯಿತು ಅನ್ನುವ ಸಿಟ್ಟಿಗೆ 2004ರಲ್ಲಿ ಒಂದು ಗುಂಪಿನವರು ಪುಣೆಯ ಭಂಡಾರ್ಕರ್ ಸಂಶೋಧನಾ ಸಂಸ್ಥೆಗೆ ನುಗ್ಗಿ ಹಸ್ತಪ್ರತಿಗಳನ್ನೆಲ್ಲ ಚೆಲ್ಲಾಡಿದರು. ಮಹಾರಾಷ್ಟ್ರ ಸರ್ಕಾರ ಮಾಡಿದ ಆ ಪುಸ್ತಕದ ಮುಟ್ಟುಗೋಲು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಲೇಖಕರೂ ಇರಲಿಲ್ಲ, ಪ್ರಕಾಶಕರೂ ಇರಲಿಲ್ಲ. ಒಬ್ಬ ವಕೀಲರು, ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕರು, ಒಬ್ಬ ಕಾರ್ಯಕರ್ತೆ. ಅಂದರೆ ಓದುಗರು. 2007ರಲ್ಲಿ ಬಾಂಬೆ ಹೈಕೋರ್ಟ್ ಆದೇಶ ರದ್ದು ಮಾಡಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಕೋರ್ಟ್ ಯಾವಾಗಲೂ ನಮ್ಮ ಪರ ನಿಲ್ಲುತ್ತದೆ ಅಂತಲ್ಲ. ನಮ್ಮ ಕನ್ನಡದ್ದೇ, ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯ ಮುಟ್ಟುಗೋಲನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ತೀರ್ಪು ಅಂತ ಒಂದಿದೆ. ತೆಗೆದು ಓದಬಹುದು, ಇಲ್ಲಿ ಎಡವಿದ್ದಾರೆ ಅಂತ ಬೆರಳಿಟ್ಟು ತೋರಿಸಬಹುದು. ನಿನ್ನ ಕಪಾಟಿನ ಬೀಗದ ವಿಷಯದಲ್ಲಿ ಯಾರ ಜೊತೆ ವಾದ ಮಾಡಲಿ, ಹೇಳು? ಆದೇಶವಿಲ್ಲ, ಕಾರಣವಿಲ್ಲ, ಸಹಿಯಿಲ್ಲ. ನಾಳೆ ಕೇಳಿದರೆ ಎಲ್ಲರೂ ನಿನ್ನ ಕಡೆ ಕೈ ತೋರಿಸುತ್ತಾರೆ.

ಇಲ್ಲೊಂದು ತಮಾಷೆ ಕೇಳು. ಸಲ್ಮಾನ್ ರಶ್ದಿಯವರ 'ದಿ ಸಟಾನಿಕ್ ವರ್ಸಸ್' ಕಾದಂಬರಿಯ ಆಮದನ್ನು 1988ರಲ್ಲಿ ನಿಲ್ಲಿಸಿದ್ದರಲ್ಲ. ಯಾರೋ ಓದುಗರು ಅದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದರು. ಅಧಿಕಾರಿಗಳು ಆ ಅಧಿಸೂಚನೆಯನ್ನು ಹಾಜರುಪಡಿಸಲೇ ಇಲ್ಲ. ಕಾಗದವೇ ಸಿಗಲಿಲ್ಲ! ಹಾಗಾದರೆ ಅದು ಇಲ್ಲವೆಂದೇ ತಿಳಿಯಬೇಕು ಅಂತ 2024ರಲ್ಲಿ ಕೋರ್ಟ್ ಪ್ರಕರಣ ಮುಗಿಸಿತು. ಅಷ್ಟು ವರ್ಷ ಅಂಗಡಿಯವರು ಹೆದರಿದ್ದು ಯಾವುದಕ್ಕೆ?

"ಎಲ್ಲರನ್ನೂ ಕೂಡಿಸಿ ರಾಜಿ ಮಾಡಿಸಿದರು" ಅಂತಲೂ ಬರೆದಿದ್ದೀಯ. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರಿಗೂ ಒಂದು ಕಾದಂಬರಿಯ ಗಲಾಟೆಯಲ್ಲಿ ಹೀಗೇ ಆಯಿತು. 2015ರ ಜನವರಿಯಲ್ಲಿ ಅಧಿಕಾರಿಗಳ ಎದುರು ಸಂಧಾನ ಸಭೆ ನಡೆಯಿತು, ಅವರಿಂದ ಸಹಿ ಹಾಕಿಸಿಕೊಂಡರು. ಅದಾದ ಮೇಲೆ ಅವರು ನನ್ನೊಳಗಿನ ಲೇಖಕ ಸತ್ತ ಅಂತ ಬರೆದುಬಿಟ್ಟರು. ಮುಂದಿನ ವರ್ಷ ಮದ್ರಾಸ್ ಹೈಕೋರ್ಟ್ ಆ ರಾಜಿಗೆ ಯಾವ ಬೆಲೆಯೂ ಇಲ್ಲ ಅಂದಿತು. ಹಿಡಿಸದಿದ್ದರೆ ಓದಬೇಡಿ, ಪುಸ್ತಕ ಎಸೆಯಿರಿ ಅನ್ನುವ ಧಾಟಿಯಲ್ಲಿ ಬರೆಯಿತು.

ನಮ್ಮ ಊರಿನದ್ದು ನಿನಗೆ ಹೇಳಬೇಕಾಗಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮದೇ ಬರಹವನ್ನು ಹಿಂದಕ್ಕೆ ಪಡೆದದ್ದು ಕೋರ್ಟಿನ ಆದೇಶದಿಂದಲ್ಲ, ಒತ್ತಡದಿಂದ. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ಬೌದ್ಧಿಕ ಆತ್ಮಹತ್ಯೆ ಅಂತ ಅವರೇ ಆಮೇಲೆ ಹೇಳಿಕೊಂಡರು. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಮನೆಗೇ ಬಂದು ಗುಂಡು ಹೊಡೆದರು. ಅದಕ್ಕೇ, ಹೆದರಬೇಡ ಅಂತ ನಿನಗೆ ಹೇಳಲಾರೆ. ಹೆದರಿಕೆಗೆ ಕಾರಣ ಇದೆ. ಒಬ್ಬನೇ ಎದುರು ನಿಲ್ಲಬೇಡ ಅಂತ ಹೇಳಬಲ್ಲೆ.

ಇನ್ನು ಆ ಕಾದಂಬರಿ. ನಮ್ಮ ಲೈಬ್ರರಿಯಲ್ಲಿ ಇತ್ತು, ತಂದು ಓದಿದೆ. ಅಂಥಾ ಚಂದ ಏನಿಲ್ಲ. ನಡುವೆ ಎಪ್ಪತ್ತು ಎಂಬತ್ತು ಪುಟ ಜಾಳು ಜಾಳು. ಆದರೆ ಕೊನೆಗೆ ಅಂಟಿಸಿದ ಚೀಟಿ ನೋಡಬೇಕು ನೀನು. ನೀಲಿ ಇಂಕಿನ ತಾರೀಖುಗಳು ಒಂದರ ಮೇಲೊಂದು ಬಿದ್ದಿವೆ. ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ "ಶುದ್ಧ ಸುಳ್ಳು" ಅಂತ ಗೀಚಿದ್ದಾರೆ. ಅದರ ಕೆಳಗೆ ಬೇರೆ ಕೈಬರಹ: "ನೀ ನೋಡಿದ್ದೇನು?" ಅದರ ಕೆಳಗೆ ಮೂರನೆಯವರು: "ಪುಸ್ತಕದಾಗ ಬರಿಬ್ಯಾಡ್ರಿ." ಪುಸ್ತಕಕ್ಕಿಂತ ಈ ಜಗಳವೇ ನನಗೆ ಜಾಸ್ತಿ ಹಿಡಿಸಿತು. ಮನೆ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುವವರು ನಾವೆಲ್ಲ. ಬೈಯುವವರಿಗೂ ಮೊದಲು ಓದಲು ಸಿಗಬೇಕಲ್ವಾ?

"ಹಾಗಾದರೆ ಸಿಕ್ಕಿದ್ದೆಲ್ಲ ಇಡಬೇಕಾ" ಅಂತ ನೀನು ಕೇಳಿಯೇ ಕೇಳುತ್ತೀ. ಇಲ್ಲಪ್ಪ. ಹುಳ ತಿಂದದ್ದನ್ನು ತೆಗಿ, ಹಳೇ ಸಿಲಬಸ್ಸಿನ ಗೈಡುಗಳನ್ನು ತೆಗಿ. ಲೈಬ್ರರಿಯ ಪುಸ್ತಕಗಳ ದಾಖಲೆ ಪುಸ್ತಕದಲ್ಲಿ, ಅಂದರೆ ಆಕ್ಸೆಷನ್ ರಿಜಿಸ್ಟರಿನಲ್ಲಿ, ನಂಬರ್ ಮುಂದೆ ಕಾರಣ ಬರೆದು ತೆಗಿ. ಈ ಪುಸ್ತಕದ ಮುಂದೆ ಏನಂತ ಬರೆಯುತ್ತೀ? "ನಾಲ್ಕು ಜನ ಬಂದಿದ್ದರು" ಅಂತಲಾ?

ಅದಕ್ಕೆ ಇಷ್ಟು ಮಾಡು. ಮೇಲಿನವರಿಗೆ ಒಂದು ಪತ್ರ ಕೊಡು: ಇಂಥ ದಿನ ನಿಮ್ಮ ಬಾಯಿಮಾತಿನ ಮೇಲೆ ಇಂಥ ಪುಸ್ತಕ ಒಳಗಿಟ್ಟಿದ್ದೇನೆ, ದಯವಿಟ್ಟು ಲಿಖಿತ ಆದೇಶ ಕೊಡಿ, ಇಲ್ಲವಾದರೆ ಸೋಮವಾರ ಶೆಲ್ಫಿಗೆ ಇಡುತ್ತೇನೆ. ಜಗಳದ ಭಾಷೆ ಬೇಡ. ಇನ್ನಿಬ್ಬರು ಮೇಷ್ಟ್ರ ಸಹಿ ಹಾಕಿಸು, ಕನ್ನಡ ವಿಭಾಗದವರು ಹಾಕುತ್ತಾರೆ. ಆಫೀಸಿನಲ್ಲಿ ಪತ್ರ ತಗೊಳ್ಳುವ ಆವಕದಲ್ಲಿ ಸೀಲು ಹಾಕಿಸಿಕೊಂಡು ಒಂದು ನಕಲು ಮನೆಯಲ್ಲಿಡು. ಅವರು ಬಾಯಿ ಬಿಡದಿದ್ದರೆ, ನಿಮ್ಮದು ಸರ್ಕಾರಿ ಕಾಲೇಜು, ನಾನೇ ಇಲ್ಲಿಂದ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ನನಗನ್ನಿಸುವ ಮಟ್ಟಿಗೆ ಯಾರೂ ಬರೆದು ಕೊಡುವುದಿಲ್ಲ. ಪತ್ರದ ಕರಡು ಇದರ ಜೊತೆಗೇ ಇಟ್ಟಿದ್ದೇನೆ. ತಾರೀಖು ಮತ್ತು ಪುಸ್ತಕದ ನಂಬರ್ ನೀನೇ ತುಂಬಿಕೊ. ಏನಾಯಿತು ಅಂತ ಫೋನ್ ಮಾಡು. ಮನೆಯಲ್ಲಿ ವೈನಿಯವರಿಗೆ ನಮಸ್ಕಾರ ಹೇಳು.

ನಿನ್ನ
ದೋಸ್ತ