ರಾತ್ರಿ ಪಾಳಿಯ ಆಶಾಳಿಗೆ

ಜೋಗೇಶ್ವರಿ, ಮುಂಬಯಿ

ಪ್ರೀತಿಯ ಆಶಾ,

ನಿನ್ನ ಪತ್ರ ಸಿಕ್ಕಿತು. ರೂಮು, ಮೆಸ್ಸು, ಕಂಪನಿ ಬಸ್ಸು, ಎಲ್ಲ ಓದಿದೆ. ಅದಕ್ಕೆಲ್ಲ ನಿನ್ನ ಅಮ್ಮ ಫೋನಿನಲ್ಲೇ ಉತ್ತರ ಕೊಟ್ಟಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ದೊಡ್ಡಮ್ಮ, ದೇವರು ನನ್ನನ್ನು ಮರೆತುಬಿಟ್ಟಿದ್ದಾನೆ ಅನಿಸುತ್ತದೆ, ಪ್ರಾರ್ಥನೆಗೆ ಕೂತರೆ ಎದುರಿಗೆ ಗೋಡೆ ಮಾತ್ರ" ಅಂತ. ಅದನ್ನು ಓದಿ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನೀನು ಸುಮ್ನೆ ಹೀಗೆಲ್ಲ ಬರೆಯುವವಳಲ್ಲ.

ಭಾನುವಾರವೂ ಶಿಫ್ಟ್ ಬೀಳುತ್ತದೆ, ಆರಾಧನೆಗೆ ಹೋಗಲು ಆಗುತ್ತಿಲ್ಲ ಎಂದಿದ್ದೀಯ. ಅದಕ್ಕೇ ದೇವರು ಮುಖ ತಿರುಗಿಸಿದ್ದಾನೆ ಅಂತ ನಿನ್ನ ಲೆಕ್ಕವಾ? ಹಾಗಾದರೆ ನರ್ಸ್‌ಗಳ ಗತಿ ಏನು ಮಗಳೇ? ನನ್ನ ಎಷ್ಟೋ ಕ್ರಿಸ್ಮಸ್, ಎಷ್ಟೋ ಶುಭ ಶುಕ್ರವಾರ ವಾರ್ಡಿನಲ್ಲೇ ಕಳೆದವು. ಆ ಭಯ ಮೊದಲು ಮನಸ್ಸಿನಿಂದ ತೆಗೆದುಹಾಕು.

ಆದರೆ ನಿನ್ನ ಭಯ ಅಷ್ಟೇ ಅಲ್ಲ ಅಂತ ನನಗೆ ಗೊತ್ತು. ಏನೂ ಅನಿಸದೆ ಇರುವುದರ ಭಯ ಅದು. ಅದರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿದವಳಲ್ಲ. ನಿನ್ನ ಅಮ್ಮನ ಹತ್ತಿರ ಕೂಡ ಇಲ್ಲ.

ನಿನ್ನ ಅಜ್ಜಿ ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ ಅನ್ನುವುದು ಮನೆಯವರಿಗೆಲ್ಲ ಗೊತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ನಮ್ಮ ಕಾಲಕ್ಕೆ ಘಟ್ಟದ ರಸ್ತೆಯ ಬಸ್ಸೇ ಗತಿ. ಉಡುಪಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಯಾರಿಗೂ ಗೊತ್ತಿಲ್ಲದ್ದು ಏನೆಂದರೆ, ವಾಪಸು ಬಂದ ಮೇಲೆ ಬಹಳ ಕಾಲ ನನಗೆ ಪ್ರಾರ್ಥನೆಯೇ ಬರಲಿಲ್ಲ. ಕರ್ತನ ಪ್ರಾರ್ಥನೆ ಬಾಯಿಗೆ ಬರುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಊರಿನವರ ತಾಯಂದಿರಿಗೆಲ್ಲ ಮೈ ಒರೆಸಿ ಮಗ್ಗುಲು ಬದಲಿಸಿದೆ, ನನ್ನ ಅಮ್ಮನಿಗೆ ಒಂದು ಚಮಚ ನೀರು ಬಿಡಲು ಆಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ, ಹೋಗುತ್ತದೆ ಅಂತ ನಿನಗೆ ಸುಳ್ಳು ಹೇಳಲಾರೆ.

ಆ ದಿನಗಳಲ್ಲೇ ವಾರ್ಡಿಗೆ ಒಬ್ಬ ಹುಡುಗ ಬಂದ. ಲೋಕಲ್ ರೈಲಿನಿಂದ ಬಿದ್ದು ಕುತ್ತಿಗೆ ಮೂಳೆ ಮುರಿದುಕೊಂಡಿದ್ದ. ಕುತ್ತಿಗೆಯಿಂದ ಕೆಳಗೆ ಸ್ಪರ್ಶವೇ ಇಲ್ಲ. ಅಂಥವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಇಲ್ಲೆಲ್ಲ ಟಾರ್ಚ್ ಬಿಟ್ಟು ನೋಡುತ್ತಿದ್ದೆವು. ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಾನೂ ವಾರ್ಡಿನ ಆಯಾ ಮಾವಶಿಯೂ ಸೇರಿ ಅವನನ್ನು ಹೊರಳಿಸಿ, ಕಾಲಿನ ನಡುವೆ ದಿಂಬು ಇಟ್ಟು, ಚಾರ್ಟಿನಲ್ಲಿ ಸಹಿ ಹಾಕುತ್ತಿದ್ದೆವು. ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಬೆಳಿಗ್ಗೆ ತಾಯಿ ಬಂದರೆ ಆ ಹುಡುಗ ಹೇಳುವುದು ಒಂದೇ ಮಾತು: "ರಾತ್ರಿ ಯಾರೂ ನನ್ನ ಹತ್ತಿರ ಬರಲೇ ಇಲ್ಲ, ಆಯಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿದ್ದೆ ಮಾತ್ರೆ ಬೇರೆ ಇತ್ತು, ಅವನಿಗೆ ನಮ್ಮ ಕೈ ಗೊತ್ತೇ ಆಗಿರಲಿಲ್ಲ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು. ಒಂದು ಬೆಳಿಗ್ಗೆ ಅವನ ತಾಯಿಗೆ ಚಾರ್ಟ್ ತೋರಿಸುತ್ತಾ ನಿಂತಿದ್ದಾಗ, ನಾನೂ ದೇವರಿಗೆ ಇದನ್ನೇ ಹೇಳುತ್ತಿದ್ದೇನಲ್ಲ ಅನಿಸಿತು. ತಕ್ಷಣ ಎಲ್ಲ ಸರಿಹೋಯಿತು ಅಂತ ತಿಳಿಯಬೇಡ, ಸರಿಹೋಗಲಿಲ್ಲ. ಆದರೆ ಬೈಬಲಿನ 121ನೇ ಕೀರ್ತನೆಯಲ್ಲಿ, ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ದೆ ಮಾಡುವುದಿಲ್ಲ ಅಂತ ಬರುತ್ತದಲ್ಲ, ಅದು ನೈಟ್ ಡ್ಯೂಟಿಯವರ ಮಾತು ಅಂತ ಆಗ ಗೊತ್ತಾಯಿತು.

ಏನೂ ಅನಿಸದೆ ಇರುವುದಕ್ಕೂ ದೇವರು ಬರದೆ ಇರುವುದಕ್ಕೂ ವ್ಯತ್ಯಾಸ ಇದೆ ಆಶಾ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ನೀನಿರುವುದು ಪುಣೆ ಕಡೆ, ಅದಕ್ಕೇ ಪಂಡಿತಾ ರಮಾಬಾಯಿ ನೆನಪಾದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಆದರೆ ಕ್ರೈಸ್ತ ಧರ್ಮ ಸಿಕ್ಕಿದರೂ ಕ್ರಿಸ್ತ ಸಿಕ್ಕಿರಲಿಲ್ಲ, ಅದಕ್ಕೆ ಇನ್ನೂ ಸುಮಾರು ಎಂಟು ವರ್ಷ ಹಿಡಿಯಿತು ಅನ್ನುವ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಎಂಟು ವರ್ಷ! ಅಷ್ಟರಲ್ಲಿ ಕೈಕಟ್ಟಿ ಕೂತಿದ್ದರಾ? 1889ರಲ್ಲಿ ಇದೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಆಶ್ರಮ ಬೆಳೆಯಿತು. ಅಲ್ಲಿನ ಹೆಣ್ಣುಮಕ್ಕಳು ಅಚ್ಚಿನ ಮೊಳೆ ಜೋಡಿಸಿ ಅವರು ಅನುವಾದಿಸಿದ ಮರಾಠಿ ಸತ್ಯವೇದವನ್ನು ಮುದ್ರಿಸಿದರು. ಮೊಳೆ ಜೋಡಿಸುವಾಗ ಪ್ರತಿ ಹುಡುಗಿಗೂ ಎದೆ ತುಂಬಿ ಬರುತ್ತಿತ್ತಾ? ನನಗೆ ಹಾಗೆ ಅನಿಸುವುದಿಲ್ಲ. ಕೈಗೆ ಶಾಯಿ ಹತ್ತುತ್ತಿತ್ತು, ಕಣ್ಣು ಸೋಲುತ್ತಿತ್ತು, ಕೆಲಸ ಸಾಗುತ್ತಿತ್ತು.

"ರಾತ್ರಿಯಿಡೀ ಬುಷ್‌ಗೆ ಗೇಜ್ ಹಾಕುತ್ತೇನೆ, ಇದರಲ್ಲಿ ದೇವರಿಗೆ ಏನಿದೆ" ಅಂತ ಕೇಳಿದ್ದೀಯ. ಬುಷ್‌ನ ತೂತಿನ ಅಳತೆ ನೋಡುವ ಗೇಜಿನ ಗೋ ಕಡೆ ತೂರಬೇಕು, ನೋ-ಗೋ ಕಡೆ ತೂರಬಾರದು, ಅಷ್ಟೇ ಅಲ್ವಾ ನಿನ್ನ ಕೆಲಸ? ನೋ-ಗೋ ತೂರಿದ ಲಾಟನ್ನು ನೀನು ಪಕ್ಕಕ್ಕೆ ಇಟ್ಟೆ, ಬೈಸಿಕೊಂಡೆ, ಆದರೂ ಪಾಸ್ ಮಾಡಲಿಲ್ಲ. ಜ್ಞಾನೋಕ್ತಿ 11ರ ಮೊದಲ ವಚನ ತೆಗೆದು ನೋಡು. ಮೋಸದ ತಕ್ಕಡಿ ದೇವರಿಗೆ ಆಗುವುದಿಲ್ಲ, ಸರಿಯಾದ ತೂಕ ಆತನಿಗೆ ಸಂತೋಷ ಅಂತ ಇದೆ. ತೂಗುವವನಿಗೆ ಏನನಿಸುತ್ತದೆ ಅಂತ ಅಲ್ಲಿ ಕೇಳಿಲ್ಲ. ಆ ರಾತ್ರಿ ದೇವರು ನಿನ್ನನ್ನು ಮರೆತಿದ್ದ ಅಂತ ನಾನು ಹೇಗೆ ನಂಬಲಿ?

ಬುದ್ಧಿ ಹೇಳುವಷ್ಟು ನನಗೆ ಗೊತ್ತಿಲ್ಲ, ತೋಚಿದ್ದು ಬರೆಯುತ್ತೇನೆ. ಮಾತು ಬರದಿದ್ದರೆ 88ನೇ ಕೀರ್ತನೆ ಓದು. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಅದೂ ಪ್ರಾರ್ಥನೆಯೇ, ಯಾರೂ ಅದನ್ನು ಸತ್ಯವೇದದಿಂದ ಕಿತ್ತುಹಾಕಲಿಲ್ಲ. ಶಿಫ್ಟ್ ಮುಗಿಸಿ ಬಂದವಳು ಮೊದಲು ತಿನ್ನು, ಮಲಗು. ಸಾಯಬೇಕು ಅಂತ ಬೇಡಿಕೊಂಡ ಪ್ರವಾದಿ ಎಲೀಯನಿಗೂ ದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಉಪದೇಶ ಮಾಡಲಿಲ್ಲ. ನಿದ್ದೆಗೆಟ್ಟ ಮೈಯಲ್ಲಿ ಗೋಡೆ ಇನ್ನೂ ದೊಡ್ಡದಾಗಿ ಕಾಣುತ್ತದೆ, ಇದು ನರ್ಸ್ ಹೇಳುವ ಮಾತು. ವಾರದ ನಡುವೆ ರಜೆ ಬಂದರೆ ದೌಂಡ್ ಕಡೆಯ ರೈಲು ಹಿಡಿದು ಕೇಡಗಾಂವ್‌ಗೆ ಒಂದು ಸಲ ಹೋಗಿ ಬಾ. ಆಗದಿದ್ದರೆ ಬಿಡು, ಒತ್ತಾಯ ಇಲ್ಲ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ನನ್ನ ಹಾಗೆ ಒಬ್ಬಳೇ ನುಂಗಿಕೊಂಡು ಕೂರಬೇಡ. ಆಗ ನನಗೆ ಹೇಳಿಕೊಳ್ಳಲು ಯಾರೂ ಇಲ್ಲ ಅಂತ ಅನಿಸಿತ್ತು. ನಿನಗೆ ನಾನಿದ್ದೇನೆ. ರಾತ್ರಿ ಎರಡು ಗಂಟೆಯ ಟೀ ಬ್ರೇಕಿನಲ್ಲಿ ಬೇಕಾದರೂ ಫೋನ್ ಮಾಡು, ಡ್ಯೂಟಿಯ ಅಭ್ಯಾಸದಿಂದ ಆ ಹೊತ್ತಿಗೆ ನನಗೆ ಈಗಲೂ ಎಚ್ಚರವಾಗುತ್ತದೆ. ನಿನಗೆ ಪ್ರಾರ್ಥನೆ ಬರುವವರೆಗೆ ನಿನ್ನ ಪಾಲಿನದನ್ನು ನಾನೇ ಮಾಡುತ್ತೇನೆ.

ಅಮ್ಮನಿಗೆ ಈ ವಿಷಯ ಹೇಳಿಲ್ಲ. ನೀನಾಗಿ ಹೇಳು ಅನ್ನುವವರೆಗೆ ಹೇಳುವುದೂ ಇಲ್ಲ.

ನಿನ್ನ ದೊಡ್ಡಮ್ಮ