ಡೈವರ್ಸಿಟಿಗೂ ಡೈವರ್ಷನ್ ಬೋರ್ಡಿಗೂ ಒಂದೇ ಬೇರು

ಸಂಪಾದಕರೇ,

ನಿಮ್ಮ ಪೇಪರ್ ಓದುತ್ತಿದ್ದ ಮಗಳು ಮೊನ್ನೆ ‘ಡೈವರ್ಸಿಟಿ ಅಂದ್ರೆ ಏನಪ್ಪಾ’ ಅಂತ ಕೇಳಿದಳು. ವೈವಿಧ್ಯ ಅಂದೆ. ಸುಮ್ಮನಾಗಲಿಲ್ಲ, ಆ ಪದ ಎಲ್ಲಿಂದ ಬಂತು ಅಂತ ಹಿಡಿದುಕೊಂಡಳು, ಡಿಕ್ಷನರಿ ತೆಗೆಯಲೇಬೇಕಾಯ್ತು.

ಮೂಲ ಲ್ಯಾಟಿನ್ನಿನ ‘ದಿವೆರ್ಸುಸ್’. ‘ದಿಸ್’ ಅಂದರೆ ಬೇರೆ ಬೇರೆಯಾಗಿ, ‘ವೆರ್ತೆರೆ’ ಅಂದರೆ ತಿರುಗಿಸು. ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿ ನಿಂತದ್ದು ಅಂತ. ಮಳೆಗಾಲದಲ್ಲಿ ರಸ್ತೆ ಕುಸಿದಾಗ ನಮ್ಮ ಘಾಟಿಗಳಲ್ಲಿ ಹಾಕುವ ಡೈವರ್ಷನ್ ಬೋರ್ಡೂ ಇದೇ ಬೇರಿನದು! ಡೈವೋರ್ಸ್ ಕೂಡ, ಅದನ್ನು ಮಗಳಿಗೆ ಹೇಳಲಿಲ್ಲ ಬಿಡಿ. ಸಂಸ್ಕೃತದಿಂದ ಬಂದ ನಮ್ಮ ‘ಪರಿವರ್ತನೆ’ಯ ‘ವರ್ತ’ವೂ ಇದಕ್ಕೆ ದೂರದ ನೆಂಟ.

ಅವಳಿಗೆ ಅರ್ಥವಾಗಿದ್ದು ಮಾತ್ರ ಅಡುಗೆಮನೆಯಲ್ಲಿ. ಉಪ್ಪಿನಕಾಯಿಗೆ ತಂದಿದ್ದ ಅಪ್ಪೆಮಿಡಿಯ ತೊಟ್ಟು ಮುರಿದು ಮೂಗಿಗೆ ಹಿಡಿದೆ. ಒಂದರ ಸೊನೆ ಜೀರಿಗೆ ವಾಸನೆ, ಬೇರೆ ಮರದ್ದು ಕರ್ಪೂರದ್ದು. ಎರಡೂ ಮಾವೇ ಅಲ್ವಾ? ಜೀವವೈವಿಧ್ಯ ಅಂತ ದೊಡ್ಡ ದೊಡ್ಡ ಲೇಖನ ಹಾಕುವಾಗ ಇಂಥ ಪದಗಳ ಮೂಲವನ್ನೂ ಒಂದು ಮೂಲೆಯಲ್ಲಿ ಹಾಕಿ, ಮಕ್ಕಳು ಜಾಸ್ತಿ ಓದುತ್ತಾರೆ.

– ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ